ಸೀಸದ ಮಡಿ

ಹಳೆಯ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವೊಂದು ನಮ್ಮ ಚಾವಡಿಯ ಮೇಜಿನ ಖಾನೆಯಲ್ಲಿ ವರ್ಷಗಳಿಂದ ಬಿದ್ದುಕೊಂಡಿತ್ತು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅದಕ್ಕೆ ಪಂಚೆಯ ತುಂಡು ಸುತ್ತಿ, ಮಾವನ ಕಾರಿನ ಮೈಮೇಲೆ ಮೆಲ್ಲಗೆ ಎಳೆಯುತ್ತಾ ಹೋದೆ. ಬಾಗಿಲಲ್ಲಿ ಗಟ್ಟಿ ಹಿಡಿಯಿತು. ಬಾನೆಟ್ಟಿನಲ್ಲಿ ಇನ್ನೂ ಗಟ್ಟಿ. ಹಿಂದಿನ ಎಡ ಕಿಟಕಿಯ ಕೆಳಗೆ, ಬಾಡಿಯ ಹೆಗಲು ಇಳಿಜಾರಾಗುವಲ್ಲಿಗೆ ಬಂದಾಗ ಮಾತ್ರ ಹಿಡಿತ ತಪ್ಪಿ, ಅಯಸ್ಕಾಂತ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ಇಟ್ಟೆ. ಮತ್ತೆ ಬಿತ್ತು. ಕಣ್ಣಿಗೆ ಒಂದೇ ಸಮನಾಗಿ ಕಾಣುವ ಆ ಹಸಿರು ಬಣ್ಣದ ಅಡಿಯಲ್ಲಿ ಅಂಗೈ ಅಗಲದಷ್ಟು ಜಾಗ ಕಬ್ಬಿಣವಾಗಿರಲಿಲ್ಲ.

ಕಾರು 1952ರ ಮೋರಿಸ್ ಮೈನರ್. ಮುಂಗಾಜು ನಡುವೆ ಎರಡು ಹೋಳಾಗಿರುವ ಹಳೆಯ ಮಾದರಿ. ಎಂಜಿನ್ 918 ಸಿಸಿ. ಇದನ್ನೇ ನಮ್ಮ ದೇಶದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಜೋಡಿಸಿ ಬೇಬಿ ಹಿಂದುಸ್ತಾನ್ ಎಂದು ಮಾರಿದ್ದರು. ನಮ್ಮ ಜಿಲ್ಲೆ ಆಗ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಸೋದರಮಾವ ಅದನ್ನು ಮಂಗಳೂರಿನಲ್ಲಿ ಎರಡನೆಯ ಕೈಯಿಂದ ಕೊಂಡು ಪೊಳಲಿಗೆ ತಂದ ದಿನ ಕೈಕಂಬದಿಂದ ಮನೆಯವರೆಗೂ ಮಕ್ಕಳು ಹಿಂದೆ ಓಡಿ ಬಂದಿದ್ದರಂತೆ. ನನಗೆ ನೆನಪಿರುವುದು ಒಳಗಿನ ವಾಸನೆ: ಬಿಸಿಲಿಗೆ ಕಾದ ರೆಕ್ಸಿನ್, ಪೆಟ್ರೋಲು, ಮಾವನ ಎಲೆಯಡಿಕೆ. ಪೊಳಲಿ ಚೆಂಡಿನ ದಿನಗಳಲ್ಲಿ ಜಾತ್ರೆಯಿಂದ ತಂದ ಬಚ್ಚಂಗಾಯಿಗಳು ಹಿಂದಿನ ಸೀಟಿನ ಕೆಳಗೆ ಉರುಳಾಡುತ್ತಿದ್ದವು. ತಿರುವಿನಲ್ಲಿ ಅವು ಕಾಲಿಗೆ ತಾಗುವ ತಂಪು ಇಂದಿಗೂ ಪಾದಕ್ಕೆ ಗೊತ್ತು.

ಈ ಕಾರಿನ ಬಾನೆಟ್ಟನ್ನು ಯಾರಾದರೂ ಗಮನವಿಟ್ಟು ನೋಡಿದರೆ ನಡುವೆ ಉದ್ದಕ್ಕೆ ಒಂದು ಚಪ್ಪಟೆ ಪಟ್ಟಿ ಕಾಣುತ್ತದೆ. ಅದರ ಹಿಂದೆ ಒಂದು ಕಥೆಯುಂಟು. ವಿನ್ಯಾಸಕ ಅಲೆಕ್ ಇಸಿಗೋನಿಸ್ ಮಾದರಿ ಕಾರನ್ನು ನಿಲ್ಲಿಸಿ ನೋಡಿದಾಗ ಅದು ತೀರ ಸಪೂರ ಅನ್ನಿಸಿತು. ಉದ್ದಕ್ಕೆ ಸೀಳಿಸಿ ಎರಡು ಹೋಳುಗಳನ್ನು ಹತ್ತಿರ ದೂರ ಸರಿಸುತ್ತಾ ನೋಡಿದರು. ನಾಲ್ಕು ಇಂಚು ಸರಿದಾಗ ಕಣ್ಣು ಒಪ್ಪಿತು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನಕ್ಕೆ ಬಂದದ್ದು ಆ ಅಗಲವಾದ ಕಾರು. ಅಷ್ಟರಲ್ಲಿ ಬಂಪರುಗಳು ಸಪೂರ ಅಳತೆಗೇ ತಯಾರಾಗಿಬಿಟ್ಟಿದ್ದರಿಂದ ಮೊದಲ ಕಾರುಗಳಲ್ಲಿ ಅವನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿದರು. ಕತ್ತರಿಸುವುದು, ಸೇರಿಸುವುದು, ಸೇರಿಸಿದ್ದು ಕಾಣದ ಹಾಗೆ ಮಾಡುವುದು. ಇದು ಈ ಕಾರಿನ ಹುಟ್ಟುಗುಣ.

ಆ ಕಾಲದಲ್ಲಿ ಸೇರಿಸಿದ್ದು ಕಾಣದ ಹಾಗೆ ಮಾಡಲು ಸೀಸವೇ ಬೇಕಿತ್ತು. ಇಂದು ಗ್ಯಾರೇಜುಗಳಲ್ಲಿ ಕಲಸಿ ಹಚ್ಚುವ ಪುಟ್ಟಿ ಬಂದದ್ದು 1950ರ ದಶಕದಲ್ಲಿ. ನಮ್ಮ ಕಡೆಗೆ ತಲುಪುವಾಗ ಇನ್ನೂ ತಡವಾಗಿತ್ತು. ಅದಕ್ಕೂ ಮುಂಚೆ ತಗಡಿನ ಎರಡು ಭಾಗಗಳು ಕೂಡುವ ಸಂದು, ಗುದ್ದಿದ ತಗ್ಗು, ಬೆಸುಗೆಯ ಗೀರು ಎಲ್ಲವನ್ನೂ ಸೀಸ ತವರದ ಕಡ್ಡಿ ಕರಗಿಸಿ ತುಂಬುತ್ತಿದ್ದರು. ವಿಲಾಯತಿ ಕಾರ್ಖಾನೆಗಳಲ್ಲೂ ಹಾಗೆಯೇ. ಮಾವನ ಕಾರಿಗೆ ಒಮ್ಮೆ ಬಿ.ಸಿ. ರೋಡಿನ ಬಳಿ ಲಾರಿ ಒರೆಸಿಕೊಂಡು ಹೋಗಿತ್ತು ಎಂದು ಅಮ್ಮ ಹೇಳುತ್ತಿದ್ದರು. ಯಾವುದೋ ಗ್ಯಾರೇಜಿನಲ್ಲಿ ಸೀಸ ತುಂಬಿಸಿದ್ದರು. ಅಯಸ್ಕಾಂತ ಬಿದ್ದ ಜಾಗ ಅದೇ.

ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ತಮ್ಮನ ಮಗ, ಇಂಜಿನಿಯರಿಂಗ್ ಓದುವ ಹುಡುಗ, ರಜೆಯಲ್ಲಿ ಬಂದಿದ್ದ. ಗ್ರೈಂಡರಿಗೆ ಹೊಸ ಚಕ್ರ ಹಾಕಿ, ವಯರು ಎಳೆದು ತಯಾರಾಗಿಯೇ ನಿಂತಿದ್ದ. “ದೊಡ್ಡಪ್ಪ, ಅರ್ಧ ಗಂಟೆಯ ಕೆಲಸ. ಕಬ್ಬಿಣ ಕಾಣುವವರೆಗೆ ಉಜ್ಜಿಬಿಡ್ತೇನೆ.”

ಆಚಾರ್ರು ಬಂದದ್ದು ಆಗಲೇ. ಮೂಡಬಿದಿರೆ ಕಡೆಯವರು, ಎಪ್ಪತ್ತು ದಾಟಿದೆ. ಹರೆಯದಲ್ಲಿ ಮಂಗಳೂರಿನಲ್ಲಿ ಟಿಂಕರಿಂಗ್ ಕಲಿತು, ಆಮೇಲೆ ಊರೂರಿನ ಗ್ಯಾರೇಜುಗಳಲ್ಲಿ ದುಡಿದವರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಅವರ ಇಬ್ಬರು ಮಕ್ಕಳು ನನ್ನ ತರಗತಿಯಲ್ಲಿದ್ದರು. ಹಾಗಾಗಿ ಈಗಲೂ ನಾನು ಅವರಿಗೆ ಮಾಸ್ಟ್ರು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆಯಿತು, ಇಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇನೆ. ಅವರು ಹುಡುಗನ ಕೈಯಿಂದ ಗ್ರೈಂಡರ್ ತೆಗೆದುಕೊಂಡು ಜಗಲಿಯ ಮೇಲಿಟ್ಟರು. ಜೇಬಿನಿಂದ ಸಣ್ಣ ಚೂರಿ ತೆಗೆದು ಗುಳ್ಳೆಯ ಮೇಲೆ ಒಂದು ಗೀರು ಎಳೆದರು. ಬೂದಿಬಣ್ಣದ ಮೆತ್ತನೆಯ ಲೋಹ ಫಳಕ್ಕನೆ ಹೊಳೆಯಿತು. ಪುಟ್ಟಿಯಾಗಿದ್ದರೆ ಸುಣ್ಣದ ಹುಡಿಯ ಹಾಗೆ ಉದುರಬೇಕಿತ್ತು.

“ಸೀಸ, ಮಾಸ್ಟ್ರೇ. ಇದಕ್ಕೆ ಗ್ರೈಂಡರ್ ಹಚ್ಚಲಿಕ್ಕಿಲ್ಲ. ಹಚ್ಚಿದರೆ ಈ ಅಂಗಳ ಪೂರ್ತಿ ವಿಷ ಮಗಾ,” ಎಂದರು, ಕೊನೆಯ ಮಾತನ್ನು ಹುಡುಗನ ಕಡೆಗೆ ತಿರುಗಿ.

ಆಮೇಲೆ ಜಗಲಿಯಲ್ಲಿ ಕುಳಿತು ತಮ್ಮ ಗುರುವಿನ ವಿಷಯ ಹೇಳಿದರು. ಹಂಪನಕಟ್ಟೆಯ ಕಡೆಯ ಗ್ಯಾರೇಜೊಂದರಲ್ಲಿ ಅವರಿಗೆ ಕೆಲಸ ಕಲಿಸಿದವರು. ಸೀಸ ತುಂಬುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಬಣ್ಣ ಹೊಡೆದ ಮೇಲೆ ತುಂಬಿದ ಜಾಗ ಯಾವುದೆಂದು ಅವರಿಗೇ ಗುರುತು ಸಿಗುತ್ತಿರಲಿಲ್ಲವಂತೆ. ಕೆಲಸ ಮುಗಿಸಿ ಅದೇ ಕೈಯಲ್ಲಿ ಬೀಡಿ ಹಚ್ಚುತ್ತಿದ್ದರು, ಅದೇ ಕೈಯಲ್ಲಿ ಬನ್ಸ್ ಮುರಿದು ತಿನ್ನುತ್ತಿದ್ದರು. ಐವತ್ತು ತುಂಬುವ ಮೊದಲೇ ಹೊಟ್ಟೆ ಹಿಂಡುವ ನೋವು ಶುರುವಾಯಿತು. ಆಮೇಲೆ ಬಲಗೈಯ ಮಣಿಕಟ್ಟು ಜೋತುಬಿತ್ತು. ಸುತ್ತಿಗೆ ಎತ್ತಲಾಗದೆ ಕೈ ಬಾಡಿದ ಬಾಳೆಲೆಯ ಹಾಗೆ ಕೆಳಗೆ ಬಾಗಿಯೇ ಇರುತ್ತಿತ್ತು. ಯಾರೋ ವಾತ ಅಂದರು, ಯಾರೋ ಮಾಟ ಅಂದರು. ಮಣಿಕಟ್ಟು ಹಾಗೆ ಜೋತುಬೀಳುವುದು ಸೀಸದ ವಿಷದ ಹಳೆಯ, ಸ್ಪಷ್ಟವಾದ ಗುರುತು. ವೈದ್ಯ ಪುಸ್ತಕಗಳಲ್ಲಿ ಅದು ಶತಮಾನಗಳಿಂದ ಉಂಟು. ಅವರಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಸೀಸ ನಮಗೆ ಅಪರಿಚಿತವೇನಲ್ಲ. ಫಲ್ಗುಣಿ ಹೊಳೆಯಲ್ಲಿ ಬೀಸುಬಲೆ ಹಾಕುವವರ ಬಲೆಯ ಅಂಚಿಗೆ ಸೀಸದ ಮಣಿಗಳಿರುತ್ತವೆ. ಗಾಳದ ದಾರಕ್ಕೆ ಸೀಸದ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡುವುದನ್ನು ಚಿಕ್ಕವನಾಗಿದ್ದಾಗ ನಾನೂ ಮಾಡಿದ್ದೇನೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಕಿಟೆಲ್ ಅವರ ನಿಘಂಟು ಅಚ್ಚಾದದ್ದು ಸೀಸ, ತವರ, ಆಂಟಿಮನಿ ಬೆರೆಸಿ ಎರೆದ ಮೊಳೆಗಳಿಂದ. ಕನ್ನಡದ ಒಂದೊಂದು ಶಬ್ದವೂ ಸೀಸದ ಮೈ ತಾಳಿ, ಮೊಳೆ ಜೋಡಿಸುವವರ ಬೆರಳ ತುದಿಯನ್ನು ಕಪ್ಪು ಮಾಡಿ ಕಾಗದಕ್ಕೆ ಇಳಿದಿದೆ. ಅಚ್ಚುಕೂಟದವರಿಗೆ ಹಾಲು ಕುಡಿಯಲು ಹೇಳುತ್ತಿದ್ದರು. ಟಿಂಕರಿಂಗಿನವರು ಬೆಲ್ಲ ತಿನ್ನುತ್ತಿದ್ದರು. ಹೊಟ್ಟೆ ತುಂಬಿದ್ದರೆ, ಸುಣ್ಣದ ಅಂಶವೂ ಕಬ್ಬಿಣದ ಅಂಶವೂ ಊಟದಲ್ಲಿದ್ದರೆ ಕರುಳು ಹೀರುವ ಸೀಸ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಒಳಗೆ ಸೇರಿದ್ದನ್ನು ಹಾಲಾಗಲಿ ಬೆಲ್ಲವಾಗಲಿ ತೊಳೆದು ತೆಗೆಯುವುದಿಲ್ಲ. ಆಚಾರ್ರು ಇದನ್ನು ಕೇಳಿ ತುಂಬ ಹೊತ್ತು ಸುಮ್ಮನಿದ್ದರು. ನಲವತ್ತು ವರ್ಷ ಅವರು ಬೆಲ್ಲವನ್ನೇ ನಂಬಿದ್ದರು.

ಸೀಸದ ಗುಣವೇ ಹಾಗೆ. ಗಟ್ಟಿಯಾಗಿ ಒಂದೆಡೆ ಕುಳಿತಿರುವಾಗ ಅದು ಸಾಧು. ಆ ಕಾರಿನ ಹೆಗಲಿನಲ್ಲಿ ಬಣ್ಣದ ಅಡಿಯಲ್ಲಿ ಅದು ಯಾರಿಗೂ ಏನೂ ಮಾಡಿರಲಿಲ್ಲ. ಹುಡಿಯಾದಾಗ, ಹೊಗೆಯಾದಾಗ ಮಾತ್ರ ಅದು ಬೇರೆಯೇ ಜೀವ. ಶ್ವಾಸಕೋಶಕ್ಕೆ ಇಳಿದದ್ದು ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಶರೀರ ಅದನ್ನು ಸುಣ್ಣವೆಂದು ಭ್ರಮಿಸಿ ಎಲುಬಿನಲ್ಲಿ ಜೋಪಾನ ಮಾಡುತ್ತದೆ. ರಕ್ತದಲ್ಲಿರುವುದು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯಬಹುದು, ಎಲುಬಿಗೆ ಸೇರಿದ್ದು ದಶಕಗಟ್ಟಲೆ ಉಳಿಯುತ್ತದೆ. ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚು ಹೀರುತ್ತದೆ, ಮತ್ತು ಅದು ಹೋಗಿ ತಾಗುವುದು ಬೆಳೆಯುತ್ತಿರುವ ಮಿದುಳಿಗೆ. ಇಷ್ಟು ಪ್ರಮಾಣದವರೆಗೆ ಅಪಾಯವಿಲ್ಲ ಎಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಎಲ್ಲೂ ಎಳೆದಿಲ್ಲ. ನಮ್ಮ ನಾಡಿನಲ್ಲಿ ಈ ಮಾತನ್ನು ದಣಿಯದೆ ಹೇಳುತ್ತಾ ಬಂದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್. ಸೀಸ ಬೆರೆಸಿದ ಪೆಟ್ರೋಲು ದೇಶದ ಬಂಕುಗಳಿಂದ 2000ದಲ್ಲಿ ಹೋಯಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಮಾವನ ಕಾರು ಇದೆಲ್ಲಕ್ಕಿಂತ ಹಳೆಯದು. ಅದರ ಸಂದಿನಲ್ಲೂ ಸೀಸ, ಬಣ್ಣದಲ್ಲೂ ಸೀಸವಿರುವ ಸಂಭವ, ಅದು ಕುಡಿದ ಪೆಟ್ರೋಲಿನಲ್ಲೂ ಸೀಸ.

ಹಾಗಾದರೆ ಮುಟ್ಟದೆ ಬಿಡಬಹುದಿತ್ತಲ್ಲ? ಬಿಡಬಹುದಿತ್ತು. ಗಟ್ಟಿ ಕುಳಿತ ಸೀಸವನ್ನು ಕೆದಕದಿರುವುದೇ ಎಷ್ಟೋ ಸಲ ಸರಿಯಾದ ದಾರಿ. ಆದರೆ ಇಲ್ಲಿ ಗುಳ್ಳೆ ಎದ್ದಿತ್ತು; ಅಡಿಯ ತಗಡು ಕೊಳೆಯುತ್ತಿತ್ತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಇನ್ನು ಎರಡು ಆಟಿಯ ಮಳೆ ಕಳೆದರೆ ಹೆಗಲೇ ಕಳಚಿ ಬೀಳುತ್ತಿತ್ತು.

ಕೆಲಸ ಶುರುಮಾಡುವ ಮುಂಚೆ ಆಚಾರ್ರಿಗೂ ನನಗೂ ಒಂದು ಶಬ್ದದಲ್ಲಿ ಒಪ್ಪಂದವಾಯಿತು: ಮಡಿ. ಅಜ್ಜಿ ನಡೆಸುತ್ತಿದ್ದ ಮಡಿಯ ಕಟ್ಟುಪಾಡುಗಳನ್ನು ಹುಡುಗನಾಗಿದ್ದಾಗ ನಾನು ಪ್ರಶ್ನಿಸಿದ್ದುಂಟು. ಬೇರೆ ಬಟ್ಟೆ, ಬೇರೆ ಜಾಗ, ನಡುವೆ ತಿನ್ನಬಾರದು, ಮಕ್ಕಳನ್ನು ಮುಟ್ಟಬಾರದು, ಮಿಂದ ಮೇಲೆಯೇ ಒಳಗೆ ಕಾಲಿಡಬೇಕು. ಸೀಸದ ಕೆಲಸಕ್ಕೆ ಬೇಕಾದ ನಿಯಮಗಳನ್ನು ಕಾಗದದ ಮೇಲೆ ಬರೆದು ನೋಡಿದಾಗ ಅಜ್ಜಿಯ ಪಟ್ಟಿ ಅಲ್ಲೇ ಎದುರಿಗಿತ್ತು. ಒಂದು ವ್ಯತ್ಯಾಸ ಮಾತ್ರ: ಅಜ್ಜಿಯ ಮಡಿ ಒಳಗಿನದನ್ನು ಹೊರಗಿನಿಂದ ಕಾಯುತ್ತಿತ್ತು, ನಮ್ಮದರಲ್ಲಿ ಹೊರಗಿನವರನ್ನು ನಮ್ಮಿಂದ ಕಾಯಬೇಕಿತ್ತು. ಮಗಳ ಮನೆಯ ಪುಟ್ಟ ಮಕ್ಕಳು ಬರುವುದನ್ನು ಆ ತಿಂಗಳಿಗೆ ಮುಂದೂಡಿದೆವು. ಬಸುರಿಯಾಗಿದ್ದ ಪಕ್ಕದ ಮನೆಯ ಸೊಸೆಗೆ ಈ ಕಡೆ ಹಾಯಬೇಡಮ್ಮ ಎಂದು ಹೋಗಿ ಹೇಳಿ ಬಂದೆ.

ಜಾಗ ಹುಡುಕುವುದಕ್ಕೇ ಒಂದು ದಿನ ಹೋಯಿತು. ಬಾವಿಯ ಹತ್ತಿರ ಬೇಡ. ಹಟ್ಟಿಯ ಹತ್ತಿರ ಬೇಡ, ಹುಲ್ಲಿನ ಮೇಲೆ ಹುಡಿ ಕುಳಿತರೆ ಹಾಲಿಗೆ ಬರುತ್ತದೆ. ಅಡಿಕೆ ಒಣಗಿಸುವ ಅಂಗಳವಂತೂ ಬೇಡವೇ ಬೇಡ. ಕೊನೆಗೆ ತೋಟದಾಚೆ ಮೂರು ಕಡೆ ತೆರೆದಿರುವ ಹಳೆಯ ಮಾಡಿನ ಕೆಳಗೆ ಕಾರನ್ನು ತಳ್ಳಿಕೊಂಡು ಹೋದೆವು. ನೆಲಕ್ಕೆ ದಪ್ಪ ಪ್ಲಾಸ್ಟಿಕ್, ಅದರ ಮೇಲೆ ತಗಡು. ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ಇಟ್ಟೆವು, ಸೀಟುಗಳನ್ನೂ ಒಳಗಿನ ರಟ್ಟನ್ನೂ ತೆಗೆದೆವು, ಎರಡು ಬಕೆಟ್ ಮರಳು, ಬೆಂಕಿ ಆರಿಸುವ ಸಿಲಿಂಡರ್ ಒಂದು. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವುದು ಆಚಾರ್ರ ರೂಢಿ. ಬಟ್ಟೆ ಸೀಸದ ಹೊಗೆಯನ್ನು ತಡೆಯುವುದಿಲ್ಲ. ಮಂಗಳೂರಿನಿಂದ ಪಿ100 ದರ್ಜೆಯ ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರಿನ ಮಾಸ್ಕ್ ಎರಡು ತರಿಸಿದೆ. ಗಡ್ಡವಿದ್ದರೆ ಅದು ಕೂರುವುದಿಲ್ಲ. ಆಚಾರ್ರು ಇಪ್ಪತ್ತು ವರ್ಷದ ಗಡ್ಡವನ್ನು ತೆಗೆಸಿಕೊಂಡು ಬಂದರು. ಆ ದಿನ ಅವರ ಮುಖ ನೋಡಿ ನನಗೆ ಗಂಟಲು ಕಟ್ಟಿತು. ಕೆಲಸದ ಮೇಲೆ ಅಷ್ಟು ಗೌರವ ಇಟ್ಟವರನ್ನು ನಾನು ಹೆಚ್ಚು ಕಂಡಿಲ್ಲ.

ಮೊದಲು ಬಣ್ಣ. ಒಣಗಿದ ಬಣ್ಣವನ್ನು ಉಜ್ಜದೆ, ಬಣ್ಣ ಕೀಳುವ ದ್ರಾವಣ ಹಚ್ಚಿ, ಮೆತ್ತಗಾದ ಮೇಲೆ ಸವರಿ ತೆಗೆದೆವು. ಉಳಿದದ್ದಕ್ಕೆ ನೀರು ಹಾಕುತ್ತಾ ವಾಟರ್ ಪೇಪರ್. ಹಸಿರಿನ ಕೆಳಗೆ ಇನ್ನೊಂದು ಹಸಿರು, ಅದರ ಕೆಳಗೆ ಕೆನೆಬಣ್ಣ, ಅದರ ಕೆಳಗೆ ಕೆಂಪು ಪ್ರೈಮರ್. ರಾಡಿಯನ್ನೆಲ್ಲ ಹಳೆ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿದೆವು. ಬಣ್ಣ ಹೋದ ಮೇಲೆ ಸೀಸದ ತೇಪೆ ಪೂರ್ತಿ ಕಂಡಿತು. ಮೋಡ ಕವಿದ ದಿನದ ಹೊಳೆಯ ಬಣ್ಣ ಅದಕ್ಕೆ.

ಮರುದಿನ ಬೆಳಿಗ್ಗೆ, ಗಾಳಿ ಇನ್ನೂ ಎದ್ದಿರಲಿಲ್ಲ, ಆಚಾರ್ರು ಗ್ಯಾಸ್ ಟಾರ್ಚ್ ಹಚ್ಚಿದರು. ಇಲ್ಲಿ ಒಂದು ಲೆಕ್ಕವುಂಟು. ಬಾಡಿಗೆ ಹಾಕುತ್ತಿದ್ದ ಹಳೆಯ ಕಡ್ಡಿಯಲ್ಲಿ ಸಾಮಾನ್ಯವಾಗಿ 70 ಪಾಲು ಸೀಸ, 30 ಪಾಲು ತವರ. ಬರಿಯ ಸೀಸ ಕರಗಲು 327 ಡಿಗ್ರಿ ಬೇಕು, ಬರಿಯ ತವರಕ್ಕೆ 232. ಎರಡೂ ಬೆರೆತರೆ 183 ಡಿಗ್ರಿಗೇ ಮೆತ್ತಗಾಗಲು ಶುರು. ಪೂರ್ತಿ ನೀರಾಗುವುದು 255ರ ಆಸುಪಾಸಿನಲ್ಲಿ. ಈ ಎರಡರ ನಡುವೆ ಅದು ಗಟ್ಟಿಯೂ ಅಲ್ಲ, ನೀರೂ ಅಲ್ಲ. ಆಗಷ್ಟೇ ಕಡೆದ ಬೆಣ್ಣೆ. ಕಾರಿನ ಮೈ ತಿದ್ದುವವರ ಇಡೀ ವಿದ್ಯೆ ನಿಂತಿದ್ದದ್ದು ಆ ಎಪ್ಪತ್ತು ಡಿಗ್ರಿಗಳ ಬೆಣ್ಣೆಯ ಮೇಲೆ. ತೆಗೆಯುವವನಿಗೂ ಅದೇ ಆಧಾರ. 500 ಡಿಗ್ರಿ ದಾಟಿದರೆ ಸೀಸದ ಹೊಗೆ ಜೋರಾಗುತ್ತದೆ. ಟಾರ್ಚಿನ ಜ್ವಾಲೆಯೋ ಅದಕ್ಕಿಂತ ಎಷ್ಟೋ ಬಿಸಿ. ಆದ್ದರಿಂದ ಜ್ವಾಲೆಯನ್ನು ಒಂದು ಕಡೆ ನಿಲ್ಲಿಸುವಂತಿಲ್ಲ. ಆಚಾರ್ರ ಕೈ ಆರತಿ ಎತ್ತುವ ಹಾಗೆ ಸುತ್ತುತ್ತಲೇ ಇತ್ತು. ತಾಗಿತು ಅನ್ನುವಷ್ಟರಲ್ಲಿ ಆಚೆ, ಮತ್ತೆ ಈಚೆ. ಜ್ವಾಲೆ ಮೆತ್ತಗೆ, ಅಗಲವಾಗಿ, ನೀಲಿಯ ತುದಿ ತಗಡಿಗೆ ಮುಟ್ಟದಷ್ಟು ದೂರ. ತೆಳು ತಗಡು ಜಾಸ್ತಿ ಕಾದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ ಎಂಬ ಭಯ ಬೇರೆ.

ನಾನು ಕೈಯಲ್ಲಿ ಮರದ ಸಟ್ಟುಗ ಹಿಡಿದು ಕಾದೆ. ಒಂದು ಕ್ಷಣ ತೇಪೆಯ ಮೇಲ್ಮೈ ಮಂಕಾಗಿತ್ತು. ಮರುಕ್ಷಣ ಒಂದು ತೆಳು ಹೊಳಪು ಅಂಚಿನಿಂದ ನಡುವಿಗೆ ಹರಿದು ಬಂತು. “ಈಗ,” ಎಂದು ಆಚಾರ್ರು ಮಾಸ್ಕಿನೊಳಗಿನಿಂದ ಕೂಗಿ ಜ್ವಾಲೆ ತೆಗೆದರು. ಸಟ್ಟುಗ ತಾಗಿಸಿದೆ. ಸೀಸ ಕೆನೆಯ ಹಾಗೆ ಮುದುರಿಕೊಂಡು ಬಂದು ಕೆಳಗೆ ಹಿಡಿದಿದ್ದ ತಟ್ಟೆಗೆ ತಪ್ಪನೆ ಬಿತ್ತು. ಹುಡಿಯಿಲ್ಲ, ಸದ್ದಿಲ್ಲ, ಹೊಗೆ ಕಣ್ಣಿಗೆ ಕಾಣುವಷ್ಟಿಲ್ಲ. ಗ್ರೈಂಡರಿನಲ್ಲಿ ಅರ್ಧ ಗಂಟೆಯಾಗುತ್ತಿದ್ದ ಕೆಲಸಕ್ಕೆ ಎರಡು ಬೆಳಿಗ್ಗೆ ಹಿಡಿಯಿತು. ಆ ಎರಡು ಬೆಳಿಗ್ಗೆಗಳಲ್ಲಿ ಒಂದು ಗಳಿಗೆಯೂ ನನಗೆ ಉದ್ದ ಅನ್ನಿಸಲಿಲ್ಲ. ಕೊನೆಯ ತೆಳು ಪದರವನ್ನು ಬಿಸಿಯಿರುವಾಗಲೇ ಹತ್ತಿ ಬಟ್ಟೆಯಲ್ಲಿ ಒರೆಸಿದೆವು. ಸಂದಿನ ಆಳದಲ್ಲಿ ಉಳಿದದ್ದನ್ನು ಕೈಯಲ್ಲೇ ಕೆರೆದೆವು. ಸೀಸ ಉಳಿದ ಕಡೆ ವೆಲ್ಡಿಂಗ್ ಮಾಡಿದರೆ ಬೆಸುಗೆಯೂ ಕೂರುವುದಿಲ್ಲ, ಹೊಗೆಯೂ ಏಳುತ್ತದೆ.

ಕಂಡದ್ದು ಏನೆಂದು ಹೇಳದಿದ್ದರೆ ಈ ಪ್ರಬಂಧ ಬರೆದೇ ಪ್ರಯೋಜನವಿಲ್ಲ. ಸೀಸದ ಅಡಿಯ ತಗಡಿನ ಮೇಲೆ ಸುತ್ತಿಗೆಯ ಗುರುತುಗಳಿದ್ದವು. ಸಾಲು ಸಾಲಾಗಿ, ಒಂದರ ಪಕ್ಕ ಒಂದು, ಮೀನಿನ ಹುರುಪೆಯಂತೆ. ಆಗ ಕೆಲಸ ಮಾಡಿದವರು ಯಾರೋ ತಗ್ಗನ್ನು ಆದಷ್ಟು ತಟ್ಟಿ ಮೇಲೆತ್ತಿ, ಇನ್ನು ತಟ್ಟಲಾಗದು ಅನ್ನುವ ಹಂತಕ್ಕೆ ಬಂದ ಮೇಲೆಯೇ ಸೀಸ ಮುಟ್ಟಿದ್ದರು. ಆಚಾರ್ರು ಕೈಗವಸು ಹಾಕಿದ ಬೆರಳಿನಲ್ಲಿ ಆ ಸಾಲನ್ನು ಸವರಿದರು. “ಎಡಗೈಯವರು,” ಎಂದರು. ಗುರುತುಗಳ ಓರೆಯಿಂದ ಅವರಿಗೆ ತಿಳಿಯಿತು. ಅರುವತ್ತು ವರ್ಷ ಯಾರೂ ನೋಡದ ಜಾಗದಲ್ಲಿ ಒಬ್ಬ ಕೆಲಸಗಾರನ ಕೈಬರಹ.

ಆ ಎಡಗೈಯವರು ಒಂದೇ ತಪ್ಪು ಮಾಡಿದ್ದರು. ಸೀಸ ತಗಡಿಗೆ ಅಂಟಬೇಕಾದರೆ ಮೊದಲು ಆಮ್ಲದ ಗುಣವುಳ್ಳ ಫ್ಲಕ್ಸ್ ಹಚ್ಚಿ ತುಕ್ಕು ತಿನ್ನಿಸಬೇಕು. ಕೆಲಸವಾದ ಮೇಲೆ ಅದನ್ನು ಪೂರ್ತಿ ತೊಳೆಯದಿದ್ದರೆ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ತಗಡನ್ನೇ ತಿನ್ನಲು ತೊಡಗುತ್ತದೆ. ನಮ್ಮ ಕರಾವಳಿಯ ಗಾಳಿಗೆ ಅಷ್ಟು ಸಾಕು. ಅಂಚಿನಲ್ಲಿ ಒಂದು ಅಂಗುಲದಷ್ಟು ತಗಡು ಬಿಸ್ಕತ್ತಿನ ಹಾಗೆ ಪುಡಿಯಾಗಿತ್ತು. ಆ ಭಾಗವನ್ನು ಕತ್ತರಿಸಿ ಹೊಸ ತಗಡಿನ ತುಂಡು ವೆಲ್ಡ್ ಮಾಡಿದೆವು. ಈ ಕೆಲಸ ತಮ್ಮನ ಮಗನದು. ಚುಕ್ಕಿ ಚುಕ್ಕಿಯಾಗಿ, ಕಾಯದ ಹಾಗೆ, ಚೆನ್ನಾಗಿ ಮಾಡಿದ.

ಈಗ ತುಂಬುವುದು ಯಾವುದರಿಂದ? ಹುಡುಗ ಪುಟ್ಟಿ ಎಂದ. ಪುಟ್ಟಿಯ ಮೇಲೆ ನನಗೆ ದ್ವೇಷವಿಲ್ಲ. ಎಪಾಕ್ಸಿ ಪ್ರೈಮರಿನ ಮೇಲೆ ಎರಡು ಮೂರು ಮಿಲಿಮೀಟರ್ ತೆಳುವಾಗಿ ಹಚ್ಚಿದರೆ ಅದು ಒಳ್ಳೆಯ ವಸ್ತು. ಆದರೆ ಅದರಲ್ಲಿ ಟಾಲ್ಕ್ ಹುಡಿ ಉಂಟು, ತೇವ ಹೀರುತ್ತದೆ; ಬಾಡಿ ಅಲುಗುವ ಸಂದಿನಲ್ಲಿ ದಪ್ಪಗೆ ತುಂಬಿದರೆ ಬಿರಿಯುತ್ತದೆ. ಆಚಾರ್ರಿಗೆ ಸೀಸವೇ ಬೇಕೆಂಬ ಆಸೆ ಇತ್ತು, ಬಾಯಿಬಿಟ್ಟು ಹೇಳಲಿಲ್ಲ. ನಾನು ಸೀಸವಿಲ್ಲದ, ತವರವೇ ಹೆಚ್ಚಾಗಿರುವ ಕಡ್ಡಿ ತರಿಸಿದೆ. ತೆಗೆದ ವಿಷವನ್ನೇ ಮತ್ತೆ ತುಂಬಿ, ಮುಂದೆ ಇದನ್ನು ಬಿಚ್ಚುವವನ ಶ್ವಾಸಕ್ಕೆ ಬಿಟ್ಟು ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ.

ತವರ ಎಂದ ಕೂಡಲೇ ಕಲಾಯಿಯವರು ನೆನಪಾಗುತ್ತಾರೆ. ವರ್ಷಕ್ಕೊಮ್ಮೆ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಹೂಡಿ, ಅಮ್ಮನ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಕಾಯಿಸಿ, ನವಸಾಗರದ ಹುಡಿ ಎರಚುತ್ತಿದ್ದರು. ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿಯನ್ನು ಒಮ್ಮೆ ಮುಟ್ಟಿಸಿ ಹತ್ತಿಯ ಉಂಡೆಯಿಂದ ಒರೆಸಿದರೆ ಪಾತ್ರೆಯೊಳಗೆ ಬೆಳದಿಂಗಳು ಹರಡುತ್ತಿತ್ತು. ಕಾರಿನ ಹೆಗಲಿಗೆ ಮಾಡಿದ್ದೂ ಅದೇ ಕ್ರಮ. ತಗಡನ್ನು ಬೆಳ್ಳಗೆ ಉಜ್ಜಿ, ತವರದ ಹುಡಿ ಬೆರೆತ ಫ್ಲಕ್ಸ್ ಬಳಿದು, ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿ, ಹತ್ತಿ ಬಟ್ಟೆಯಲ್ಲಿ ಒಂದೇ ಒರೆಸು. ಕಬ್ಬಿಣಕ್ಕೆ ಕಲಾಯಿ ಬಂತು. ಅದರ ಮೇಲೆ ಕಡ್ಡಿ. ತವರದ ಕಡ್ಡಿ 220 ಡಿಗ್ರಿ ದಾಟದೆ ಜಗ್ಗುವುದಿಲ್ಲ, ಮೆತ್ತಗಾದ ಕೂಡಲೇ ನೀರಾಗಿಬಿಡುತ್ತದೆ. ಸೀಸದ ಹಾಗೆ ಬೆಣ್ಣೆಯಾಗಿ ಕಾಯುವ ತಾಳ್ಮೆ ಅದಕ್ಕಿಲ್ಲ. ಹಲಸಿನ ಮರದಲ್ಲಿ ಕೆತ್ತಿ ಜೇನುಮೇಣ ಸವರಿದ ಹೊಸ ಸಟ್ಟುಗದಿಂದ ಆಚಾರ್ರು ಮೂರು ಸಲ ಸೋತರು. ನಾಲ್ಕನೆಯ ಸಲ ನಿಂತಿತು. ಆರಿದ ಮೇಲೆ ಸೋಡಾಪುಡಿ ನೀರಿನಿಂದ, ಆಮೇಲೆ ಬರಿಯ ನೀರಿನಿಂದ, ಮತ್ತೊಮ್ಮೆ ಬರಿಯ ನೀರಿನಿಂದ ತೊಳೆದೆವು. ಎಡಗೈಯ ಆ ಕೆಲಸಗಾರ ಬಿಟ್ಟದ್ದನ್ನು ನಾವು ಪೂರ್ತಿ ಮಾಡಿದೆವು. ಬಾಗಿದ ಹಲ್ಲಿನ ಅರದಿಂದ ಉದ್ದುದ್ದ ಎಳೆದಾಗ ತವರ ಸುರುಳಿ ಸುರುಳಿಯಾಗಿ ಉದುರಿತು.

ಆ ಸಂಜೆ ದೇವಸ್ಥಾನಕ್ಕೆ ಹೋಗಿದ್ದೆ. ಪೊಳಲಿಯ ರಾಜರಾಜೇಶ್ವರಿಯ ಮೂರ್ತಿ ಮಣ್ಣಿನದು. ಸುರಥ ರಾಜ ಮಾಡಿದ್ದೆಂದು ಐತಿಹ್ಯ. ಇಷ್ಟು ಮಳೆಯ ನಾಡಿನಲ್ಲಿ, ಹೊಳೆಯ ದಂಡೆಯಲ್ಲಿ, ಮಣ್ಣಿನ ದೇವಿ ಶತಮಾನಗಳಿಂದ ನಿಂತಿದ್ದಾಳೆ. ಬ್ರಹ್ಮಕಲಶದ ಕಾಲಕ್ಕೆ ಮೂರ್ತಿಗೆ ಔಷಧೀಯ ದ್ರವ್ಯಗಳ ಲೇಪ ಹಚ್ಚುವ ಸಂಪ್ರದಾಯವಿದೆ. 2019ರಲ್ಲಿ ಬ್ರಹ್ಮಕಲಶೋತ್ಸವ ನಡೆದಾಗ ನಾನೂ ಜನರ ನಡುವೆ ನಿಂತಿದ್ದೆ. ಆ ಸಂಜೆ ಕೈಮುಗಿದು ನಿಂತಾಗ ಮನಸ್ಸಿಗೆ ಬಂದದ್ದು ಲೇಪ ಹಚ್ಚುವ ಕೈಗಳು. ಅವು ಅವಸರ ಮಾಡಿರಲಾರವು.

ಜನವರಿಯಲ್ಲಿ ಆಚಾರ್ರನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋದೆ, ವೀರೇಂದ್ರ ಹೆಗ್ಗಡೆಯವರು ಕೂಡಿಸಿರುವ ಹಳೆಯ ಕಾರುಗಳನ್ನು ನೋಡಲಿಕ್ಕೆ. ಎಲ್ಲರೂ ಹೆಸರಿನ ಫಲಕ ಓದುತ್ತಾ ಮುಂದೆ ಹೋಗುತ್ತಿದ್ದರು. ಆಚಾರ್ರು ಮಾತ್ರ ಒಂದೊಂದು ಕಾರಿನ ಪಕ್ಕ ಬಾಗಿ, ಬೆಳಕಿಗೆ ಓರೆಯಾಗಿ ಅದರ ಸಂದುಗಳನ್ನು ದಿಟ್ಟಿಸುತ್ತಿದ್ದರು. ಎರಡು ಗಂಟೆ ಹಾಗೆಯೇ ಕಳೆಯಿತು.

ನನ್ನ ರಕ್ತವನ್ನು ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದು ತಿಂಗಳಾದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿದೆ. ಸೀಸದ ಅಂಶ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಆಚಾರ್ರ ರಕ್ತದಲ್ಲಿ ಮೊದಲೇ ಹೆಚ್ಚಿತ್ತು. ಅದು ಹಳೆಯ ದಿನಗಳದ್ದು, ಎಲುಬಿನಿಂದ ಈಗಲೂ ಇಷ್ಟಿಷ್ಟೇ ಇಳಿಯುತ್ತಿರುವುದು ಎಂದು ವೈದ್ಯರು ಹೇಳಿದರು. ಈಗ ಅವರು ವೈದ್ಯರ ನಿಗಾದಲ್ಲಿದ್ದಾರೆ.

ತೆಗೆದ ಸೀಸ, ಒರೆಸಿದ ಬಟ್ಟೆ, ಬಣ್ಣದ ರಾಡಿ, ಕೈಗವಸು, ನೆಲದ ಪ್ಲಾಸ್ಟಿಕ್ ಎಲ್ಲವನ್ನೂ ಮುಚ್ಚಳದ ಡಬ್ಬಿಗಳಲ್ಲಿ ತುಂಬಿ, ಮೇಲೆ ‘ಸೀಸ, ಮುಟ್ಟಬೇಡಿ’ ಎಂದು ದೊಡ್ಡದಾಗಿ ಬರೆದೆ. ಸೀಸದ ತುಂಡುಗಳನ್ನು ತೂಗಿದಾಗ ಎರಡೂವರೆ ಕಿಲೋ. ಗುಜರಿಯವರು ಕೇಳಿದರು, ಒಳ್ಳೆಯ ಬೆಲೆಯನ್ನೂ ಹೇಳಿದರು. ಕೊಡಲಿಲ್ಲ. ಯಾರದೋ ಹಿತ್ತಿಲಿನ ಒಲೆಯಲ್ಲಿ, ಮಕ್ಕಳ ನಡುವೆ ಅದು ಕರಗುವುದು ಬೇಡ. ನೋಂದಾಯಿತ ಮರುಬಳಕೆಯವರಿಗೆ ಬ್ಯಾಟರಿ ಕಳುಹಿಸುವ ವ್ಯಾಪಾರಿಯೊಬ್ಬರ ಮೂಲಕ ಸೀಸ ಹೋಯಿತು. ಉಳಿದ ಡಬ್ಬಿಗಳನ್ನು ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿ ಕಳುಹಿಸಿದೆ. ಆ ದಾರಿ ಹುಡುಕಲು ಕೆಲಸಕ್ಕಿಂತ ಹೆಚ್ಚು ದಿನ ಹಿಡಿಯಿತು.

ಚೆಂಡಿನ ಸಮಯಕ್ಕೆ ಕಾರು ರಸ್ತೆಗೆ ಇಳಿಯಿತು. ಮಗಳ ಮಕ್ಕಳು ಹಿಂದಿನ ಸೀಟಿನಲ್ಲಿ, ಬಚ್ಚಂಗಾಯಿ ಅವರ ಕಾಲ ಕೆಳಗೆ. ಎಡ ಹೆಗಲಿನ ಮೇಲೆ ಅಯಸ್ಕಾಂತ ಈಗಲೂ ನಿಲ್ಲುವುದಿಲ್ಲ, ತವರಕ್ಕೂ ಅದು ಅಂಟುವುದಿಲ್ಲ.

ನಿಮ್ಮ ಕೊಟ್ಟಿಗೆಯಲ್ಲೂ ಅಜ್ಜನದೋ ಮಾವನದೋ ಕಾರೊಂದು ಹುಲ್ಲಿನ ಕೆಳಗೆ ಮಲಗಿರಬಹುದು. ಅದನ್ನು ಎಬ್ಬಿಸುವ ಮನಸ್ಸಾದರೆ, ಗ್ರೈಂಡರ್ ಎತ್ತುವ ಮೊದಲು ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಅದರ ಮೈಮೇಲೆ ಎಳೆದು ನೋಡಿ. ಎಲ್ಲಾದರೂ ಜಾರಿ ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಚೂರಿಯ ತುದಿಯಿಂದ ಸಣ್ಣದೊಂದು ಗೀರು ಎಳೆಯಿರಿ. ಹೊಳೆದರೆ, ಮಕ್ಕಳನ್ನು ಮೊದಲು ದೂರ ಕಳುಹಿಸಿ.